ಬೇಲಿಯ ಚೌಕಾಶಿ

ಹೇಳಿದ ದರಕ್ಕೆ ತುಟಿ ಬಿಚ್ಚದೆ ರೊಕ್ಕ ಕೊಟ್ಟು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಕೆಟ್ಟವರಲ್ಲ ಪಾಪ, ಅವರಿಗೆ ಮಾತಿನ ರುಚಿ ಗೊತ್ತಿಲ್ಲ ಅಷ್ಟೆ. ಚೌಕಾಶಿ ಎಂದರೆ ರೊಕ್ಕ ಉಳಿಸುವ ಉಪಾಯ ಅಂತ ತಿಳಿದವರಿಗೂ ಅದು ಪೂರ್ತಿ ತಿಳಿದಿಲ್ಲ ಅನ್ನಬೇಕು. ಮಾರುವವಳು ಒಂದು ಹೇಳುತ್ತಾಳೆ, ಕೊಳ್ಳುವವಳು ಅದರ ಅರ್ಧ ಕೇಳುತ್ತಾಳೆ, ನಡುವೆ ಅವಳ ಸೊಸೆಯ ಹಟ, ಇವಳ ಸೊಂಟನೋವು, ಈ ಸಲ ಮಳೆ ಕೊಟ್ಟ ಕೈ, ಎಲ್ಲ ಬಂದು ಹೋಗಿ, ಕಡೆಗೆ ಇಬ್ಬರಿಗೂ ಮೊದಲೇ ಗೊತ್ತಿದ್ದ ದರಕ್ಕೆ ಬಂದು ಕೂಡುತ್ತದೆ. ಅದು ಸಂಸಾರಸ್ಥರ ಭಜನೆ. ಇಂಥ ವಿದ್ಯೆಯಲ್ಲಿ ಪಳಗಿದ ನನ್ನನ್ನು ದೇವರು ಎಂಥವರ ಕೈಗೆ ಕೊಟ್ಟನೆಂದರೆ, ಜವಳಿ ಅಂಗಡಿಯವನು ಸೀರೆಯ ಬೆಲೆ ಹೇಳಿದ ಕೂಡಲೆ, "ಅಷ್ಟ ಸಾಕೇನ್ರಿ?" ಎಂದು ಕೇಳುವ ಮನುಷ್ಯರ ಕೈಗೆ.

ನಮ್ಮ ಮನೆಯವರು ಆಗ ಧಾರವಾಡದ ಮುನಸಿಪಾಲಿಟಿ ಆಫೀಸಿನಲ್ಲಿ ಓವರ್‌ಸಿಯರ್. ಹೆಸರು ದೊಡ್ಡದು, ಕೆಲಸ ಬೇಲಿ ಕಾಯುವುದು. ಊರ ತೋಟದ ಬೇಲಿ, ಸೇದುವ ಬಾವಿಯ ಬೇಲಿ, ಬೀಡಾಡಿ ದನ ಹಿಡಿದು ಕೂಡಿಹಾಕುವ ಕೊಂಡವಾಡದ ಬೇಲಿ, ಎಲ್ಲ ಇವರ ಹೆಗಲಿಗೆ. ಕೊಂಡವಾಡದ ಬೇಲಿಯ ಸ್ಥಿತಿ ಹೇಗಿತ್ತೆಂದರೆ, ದಂಡ ಕಟ್ಟಿ ಬಿಡಿಸಿಕೊಳ್ಳಲು ಮಾಲಕ ಬರುವ ಹೊತ್ತಿಗೆ ದನ ಅವನ ಮನೆ ಮುಟ್ಟಿ ಮೆಲುಕು ಹಾಕುತ್ತಿತ್ತು. ನಮ್ಮ ಹಿತ್ತಲಿಗೆ ಹೊಂದಿ ಇದ್ದದ್ದೇ ಆ ಊರ ತೋಟ, ಸಣ್ಣದು; ಅದರ ಮುಳ್ಳುತಂತಿಯ ಬೇಲಿ ಇದಕ್ಕಿಂತ ಬಡವಾಗಿತ್ತು. ಆ ತೋಟದ ಮೇಲೆ ಇವರಿಗೆ ಹೊಟ್ಟೆಯ ಮಕ್ಕಳ ಮೇಲಿನಷ್ಟೇ ಜೀವ. ಧಾರವಾಡದಲ್ಲಿ ನೆರಳಿಗೇನು ಬರ, ನೀವೇ ಕೇಳುತ್ತೀರಿ. ಆದರೆ ಇವರಿಗೆ ತಾವೇ ಹಚ್ಚಿದ ಗಿಡದ ನೆರಳು ಬೇಕಾಗಿತ್ತು. "ರಿಟಾಯರ್ ಆಗೂದ್ರಾಗ ನಾ ಹಚ್ಚಿದ ಒಂದರೆ ಗಿಡದ ಕೆಳಗ ಖುರ್ಚಿ ಹಾಕ್ಕೊಂಡು ಕುಂಡ್ರಬೇಕ ನೋಡು" ಅನ್ನುತ್ತಿದ್ದರು. ಗಿಡ ಹಚ್ಚುವುದೂ ಆಗುತ್ತಿತ್ತು. ಅದು ಮೊಣಕಾಲೆತ್ತರ ಬಂದ ಕೂಡಲೆ ಓಣಿಯ ಎಮ್ಮೆಗಳು ಬೇಲಿಯ ಸಂದಿಯಲ್ಲಿ ನುಗ್ಗಿ ಬಂದು ಉಂಡು ಹೋಗುವುದೂ ಆಗುತ್ತಿತ್ತು.

ಒಮ್ಮೆ ನಾನೇ ತಾಳಲಾರದೆ ಜಾಲಿಯ ಮುಳ್ಳು ತಂದು ಆ ಸಂದಿಗೆ ಕಟ್ಟಿದೆ. ಸಂಜೆ ಬಂದವರೇ ಇವರು ಅದನ್ನು ಬಿಚ್ಚಿದರು. "ಸರಕಾರಿ ಬೇಲಿಗೆ ಖಾಸಗಿ ಮುಳ್ಳು ಕಟ್ಟಬಾರದು. ನಾಳೆ ಮಂದಿ ಏನಂದಾರು, ಓವರ್‌ಸಿಯರ್‌ನ ಹೇಣ್ತಿ ತ್ವಾಟಾ ಒತ್ತಿಕೊಂಡ್ಲು ಅಂತಾರ." ಮುಳ್ಳು ಚುಚ್ಚಿದ ನನ್ನ ಬೆರಳೂ ಸರಕಾರಿಯೇ ಎಂದು ಕೇಳಬೇಕೆನಿಸಿತು. ಬೆರಳು ಬಾಯಲ್ಲಿಟ್ಟುಕೊಂಡು ಒಳಗೆ ಹೋದೆ.

ಹಾಗಾದರೆ ಬೇಲಿಯ ದುರಸ್ತಿಗೆ ರೊಕ್ಕ ಇರಲಿಲ್ಲವೇ? ಇತ್ತು, ಅದೇ ಗೋಳು. ಪ್ರತಿ ವರ್ಷ ಬಜೆಟ್ಟಿನ ಕಾಲಕ್ಕೆ ಇವರು ಊಟ ನಿದ್ದೆ ಬಿಟ್ಟು ಬೇಲಿಯ ಸುತ್ತ ನಡೆದು, ಕಂಬ ಅಳ್ಳಾಡಿಸಿ ನೋಡಿ, ತಂತಿ ಅಳೆದು, ಒಂದು ಮೊಳೆಯೂ ಹೆಚ್ಚಾಗದಂಥ ಎಸ್ಟಿಮೇಟು ಬರೆಯುತ್ತಿದ್ದರು. ಅದು ಕಮಿಟಿಗೆ ಹೋಗುತ್ತಿತ್ತು. ಕಮಿಟಿಯ ಅಧ್ಯಕ್ಷರು ಹುಬ್ಬಳ್ಳಿಯಲ್ಲಿ ದೊಡ್ಡ ಅರಳೆ ವ್ಯಾಪಾರ ಮಾಡುತ್ತಿದ್ದ ಸಾಹುಕಾರರು, ಛಲೋ ಮನುಷ್ಯರು, ದಾನಧರ್ಮದಲ್ಲಿ ಹಿಂದೆ ಬಿದ್ದವರಲ್ಲ. ಆದರೆ ಜೀವಮಾನವೆಲ್ಲ ಅರಳೆ ಪೇಟೆಯಲ್ಲಿ, ಮಂದಿಗೆ ಕಾಣದಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸಿದ ಕೈ ಅದು. ಮೊದಲು ಹೇಳಿದ ಬೆಲೆಗೆ ಹೂಂ ಅಂದರೆ ಅವರಿಗೆ ಜ್ವರ ಬರುತ್ತಿತ್ತು. ಯಾವ ಕಾಗದ ಬಂದರೂ, "ಅರ್ಧಾ ಮಾಡ್ರಿ" ಅನ್ನುವರು. ಉಳಿದವರೆಲ್ಲ ಇದನ್ನು ಬಲ್ಲವರಾಗಿ ದುಪ್ಪಟ್ಟು ಬರೆದು ಒಯ್ಯುತ್ತಿದ್ದರು. ಖರೇ ಬರೆದು ಒಯ್ಯುವವರು ಊರಿಗೆಲ್ಲ ಇವರೊಬ್ಬರೇ. ಅರ್ಧ ರೊಕ್ಕಕ್ಕೆ ಅರ್ಧ ಬೇಲಿ ಆಗುತ್ತಿತ್ತು. ಮರುವರ್ಷ ಇನ್ನರ್ಧ ಮಾಡುವ ಹೊತ್ತಿಗೆ ಮೊದಲಿನರ್ಧ ತುಕ್ಕು ಹಿಡಿದು ಕೂತಿರುತ್ತಿತ್ತು. ಹೀಗೆ ಪ್ರತಿ ವರ್ಷ ಅರ್ಧ ಬೇಲಿ, ಪ್ರತಿ ವರ್ಷ ಪೂರ್ತಿ ಎಮ್ಮೆ.

"ದುಪ್ಪಟ್ಟು ಬರೀರಿ. ಅವ್ರು ಅರ್ಧಾ ಮಾಡ್ತಾರ, ಬರೋಬ್ಬರಿ ಆಗತೈತಿ" ಅಂದೆ ನಾನು.

"ಸುಳ್ಳ ಎಸ್ಟಿಮೇಟ್ ಬರೀಲೇನು? ಕೆಳಗ ನನ್ನ ಸಹಿ ಇರತೈತಿ."

"ಹಂಗಾದ್ರ ನಮ್ಮ ಯಲ್ಲವ್ವ ದಿನಾ ಸುಳ್ಳ ಹೇಳ್ತಾಳೇನು?"

"ಯಲ್ಲವ್ವ ಸಹಿ ಮಾಡೂದಿಲ್ಲ."

ಯಲ್ಲವ್ವನ ವಿಷಯ ಹೇಳಲೇಬೇಕು. ಅಮ್ಮಿನಬಾವಿಯಿಂದ ಕಾಯಿಪಲ್ಯೆಯ ಬುಟ್ಟಿ ಹೊತ್ತು ಬರುವ ಹೆಂಗಸು. ಬಸ್ಸಿಳಿದು ತೋಟದಲ್ಲಿ ಹಾದು, ನೆಟ್ಟಗೆ ನಮ್ಮ ಹಿತ್ತಲ ಬಾಗಿಲಿಗೇ ಬರುವಳು. ಓಣಿಯಲ್ಲಿ ಮೊದಲ ಬೋಣಿ ನನ್ನದೇ. ನಯಾ ಪೈಸೆ ಬಂದ ಹೊಸತು ಆಗ. ಅವಳು ಆಣೆಯಲ್ಲಿ ಹೇಳುವಳು, ನಾನು ಪೈಸೆಯಲ್ಲಿ ಕೇಳುವೆ. ಅದರಿಂದ ನಮ್ಮ ಚೌಕಾಶಿ ಮೊದಲಿಗಿಂತ ಇಮ್ಮಡಿ ಲಂಬಿಸಿ, ಒಲೆಯ ಮೇಲಿನ ಹಾಲು ಎಷ್ಟೋ ಸಲ ಉಕ್ಕಿ ಹೋಗಿದೆ.

ಒಂದು ಮುಂಜಾನೆ ಏಳುವಷ್ಟರಲ್ಲಿ, ಇವರ ಭುಜಕ್ಕೆ ಬಂದಿದ್ದ ಬಸರಿ ಗಿಡ ಹೋಗಿತ್ತು. ಅದೊಂದೇ ಅಷ್ಟು ಎತ್ತರಕ್ಕೆ ಬಂದದ್ದು. ಎಮ್ಮೆ ಚಿಗುರು ತಿಂದು, ಟೊಂಗೆ ಮುರಿದು, ಬುಡಕ್ಕೆ ಮೈ ತಿಕ್ಕಿ ಹೋಗಿತ್ತು. ಇವರು ಮುರಿದ ಟೊಂಗೆ ಕೈಯಲ್ಲಿ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂತರು. ಚಹಾ ಆರಿಹೋಯಿತು. "ಇನ್ನ ಹಚ್ಚೂದಿಲ್ಲ ಬಿಡು" ಅಂದರು. ಸಿಟ್ಟಿನಿಂದ ಅಂದಿದ್ದರೆ ನಾನೂ ಒಂದು ಅನ್ನುತ್ತಿದ್ದೆ. ಮೆತ್ತಗೆ ಅಂದರು. ನಾನು ಆರಿದ ಚಹಾ ಮತ್ತೆ ಒಲೆಯ ಮೇಲಿಟ್ಟೆ.

ಅಷ್ಟರಲ್ಲಿ ಯಲ್ಲವ್ವ ಬಂದು ಬುಟ್ಟಿ ಇಳಿಸಿದಳು. ಮನಸ್ಸು ಕೆಟ್ಟಿದ್ದರೂ ಬದನೆಕಾಯಿಗೆ ಹೇಳಿದ ದರ ಕೇಳಿ ನನ್ನ ನಾಲಿಗೆ ತಾನೇ ಎದ್ದು ನಿಂತಿತು. ಅವಳು ಇಳಿಯಲಿಲ್ಲ. ನಾನು "ಬ್ಯಾಡ ಬಿಡು" ಅಂದು ಒಳಗೆ ಬಂದು ಬಾಗಿಲು ಮುಂದೆ ಮಾಡಿದೆ. ಇದರಲ್ಲಿ ಒಂದು ಮರ್ಮ ಇದೆ: ಬಾಗಿಲು ಪೂರ್ತಿ ಹಾಕಬಾರದು, ಹಾಕಿದರೆ ಕರೆಯುವ ದನಿ ಕೇಳಿಸುವುದಿಲ್ಲ. ಸಂದಿಯಿಂದ ದನಿ ಬಂದೇ ಬಂತು: "ಬರ್ರಿ ಅವ್ವಾರ, ನಿಮ್ಮ ಮಾತ ಆಗ್ಲಿ!"

ಆಗ ನನಗೆ ಹೊಳೆಯಿತು. ಬದನೆಕಾಯಿ ಉಡಿಯಲ್ಲಿ ಹಾಕಿಕೊಂಡೇ ಇವರ ಎದುರು ನಿಂತೆ. "ನೋಡಿದ್ರೆಲ್ಲ? ನೀವೂ ಕಮಿಟಿಯಾಗ ಬ್ಯಾಡ ಅಂತ ಎದ್ದ ಬರ್ರಿ."

"ಬೇಲಿ ಬ್ಯಾಡ ಅನ್ನಲೇನು?"

"ಅರ್ಧ ಬೇಲಿ ಬ್ಯಾಡ ಅನ್ರಿ. ಅದೇನ ಸುಳ್ಳೇನು?"

ಇವರು ಆ ಮಾತನ್ನು ಎಸ್ಟಿಮೇಟಿನಂತೆ ಅಳೆದು ನೋಡಿದರು. ಅದರಲ್ಲಿ ಸುಳ್ಳು ಸಿಕ್ಕಲಿಲ್ಲ. ಸಿಕ್ಕಿದ್ದರೆ ಆ ಉಪಾಯವನ್ನೇ ಬಿಡುತ್ತಿದ್ದರು ಅನ್ನಿ. ನಾನು ಪಾಠ ಹೇಳಿಕೊಟ್ಟೆ: ಕಾಗದ ಕೂಡಿಸಿಕೊಳ್ಳಬೇಕು, ಟೊಪಿಗೆ ಇಟ್ಟುಕೊಳ್ಳಬೇಕು, ಹಗೂರಕ್ಕೆ ಬಾಗಿಲ ಕಡೆ ನಡೆಯಬೇಕು.

ಕಮಿಟಿಯ ದಿನ ನನಗೆ ಕೈಯಲ್ಲಿ ಕೆಲಸ ಹತ್ತಲಿಲ್ಲ. ರೊಟ್ಟಿ ಎರಡು ಸೀದವು. ಸಂಜೆ ಸೈಕಲ್ಲಿನ ಗಂಟೆ ಓಣಿಯ ತುದಿಯಿಂದಲೇ ಬಡಿಯುತ್ತ ಬಂತು; ಇವರು ಮಂದಿ ಅಡ್ಡ ಬಂದರೂ ಗಂಟೆ ಬಾರಿಸುವವರಲ್ಲ.

"ಏನಾತ್ರೀ?"

"ಅರ್ಧಾ ಮಾಡ್ರಿ ಅಂದ್ರು. ನಾ ಎದ್ದ ನಿಂತೆ. ಅರ್ಧಾ ಬ್ಯಾಡ್ರಿ ಸಾಹುಕಾರ್ರ, ಅರ್ಧ ಬೇಲಿ ಕಟ್ಟೂದು ಊರ ರೊಕ್ಕ ಎಮ್ಮಿಗೆ ತಿನಿಸಿದಂಗ. ಕೊಟ್ರ ಪೂರ್ತಿ ಕೊಡ್ರಿ, ಇಲ್ಲಾಂದ್ರ ಇದ್ದ ಕಂಬಾ ತಂತಿ ಕಿತ್ತು ಲಿಲಾವಿನ್ಯಾಗ ಮಾರೂಣು ಅಂದೆ. ಟೊಪಿಗಿ ಇಟ್ಕೊಂಡು ಹೊರಗ ಬಂದೆ."

"ಹಗೂರ ಬಂದ್ರೆಲ್ಲ?"

"ಹಗೂರ ಅನ್ನೂದು ಮರ್ತೆ. ಸೈಕಲ್ ಹತ್ತಿಬಿಟ್ಟಿದ್ದೆ. ಜವಾನ ಓಡಿ ಬಂದು ಹಿಂದಿನ ಕ್ಯಾರಿಯರ್ ಹಿಡಿದ."

ಹೋಗುವ ನಾಟಕ ಆಡಲು ಬಾರದೆ ಖರೇ ಹೋಗಿಬಿಟ್ಟದ್ದೇ ಕೆಲಸ ಮಾಡಿತ್ತು. ದರ ಮುಗಿಯುವ ಮೊದಲು ಎದ್ದು ಹೋದವರನ್ನು ಸಾಹುಕಾರರು ಬಹಳ ಮಂದಿ ನೋಡಿದ್ದರು. ತಿರುಗಿ ನೋಡದೆ ಸೈಕಲ್ ಹತ್ತಿದವರನ್ನು ನೋಡಿರಲಿಲ್ಲ. ಕೈಯಲ್ಲಿದ್ದ ಒಳ್ಳೆ ಮಾಲು ತಪ್ಪಿಹೋದಂತೆ ಅನಿಸಿರಬೇಕು. "ಕರೀರಿ ಅವರನ್ನ! ಊರ ಬೇಲಿ ಕೀಳೂದಂದ್ರ ಮಂದಿ ನಮ್ಮ ಮಾರೀಗೆ ಉಗುಳ್ಯಾರು!" ಎಂದು ಕೂಗಿ, ಪೂರ್ತಿ ಬೇಲಿಗೆ ಪೂರ್ತಿ ರೊಕ್ಕ, ಮೇಲೆ ವರ್ಷಾ ವರ್ಷ ಬಣ್ಣ ದುರಸ್ತಿಗೆಂದು ಬೇರೆ ರೊಕ್ಕ, ಕೊಂಡವಾಡದ ಬೇಲಿಗೂ ಸೇರಿಸಿ, ಅಲ್ಲಿಯೇ ಮಂಜೂರು ಮಾಡಿದರಂತೆ. ಕೈಮೇಲೆ ಟವೆಲ್ಲು ಹಾಕುವುದೊಂದು ಬಾಕಿ.

ನಾನು ಅಂದು ಹೋಳಿಗೆ ಮಾಡಿದೆ. ಹಬ್ಬ ಯಾವುದೆಂದು ಓಣಿಯವರು ಕೇಳಿದರೆ "ಬೇಲಿ ಹಬ್ಬ" ಅಂದೆ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿದ್ದ ನನ್ನ ತಂಗಿಗೂ ಹೇಳಿ ಕಳಿಸಿದೆ; ತಮ್ಮ ಓಣಿಯ ಬಣ್ಣ ಹಚ್ಚಿದ ಬೇಲಿಯ ಸುದ್ದಿಯನ್ನು ಅವಳು ಬಂದಾಗಲೆಲ್ಲ ಹೇಳುತ್ತಿದ್ದಳು. ಬೇಸಿಗೆ ಮುಗಿಯುವುದರೊಳಗೆ ಹೊಸ ಕಂಬ, ಹೊಸ ತಂತಿ, ಹಸಿರು ಬಣ್ಣ. ಎಮ್ಮೆಗಳು ಬಂದವು, ಸುತ್ತು ಹಾಕಿದವು, ಸಂದಿ ಎಲ್ಲೂ ಸಿಗದೆ ನಮ್ಮ ಮನೆಯ ಕಡೆ ದಿಟ್ಟಿಸಿ ನೋಡಿದವು. ಮಾಡಿದವರು ಯಾರೆಂದು ಅವಕ್ಕೆ ಗೊತ್ತಾಗಿರಬೇಕು. ಇವರು ಹೊಸದೊಂದು ಬಸರಿ ಗಿಡ ಹಚ್ಚಿ, ನೆರಳು ಬರುವ ಮೊದಲೇ ಪಕ್ಕದಲ್ಲಿ ಖುರ್ಚಿ ಹಾಕಿಕೊಂಡು ಬಿಸಿಲಲ್ಲಿ ಕೂತರು.

ಕಾಯಿಪಲ್ಯೆ ಮಾತ್ರ ಹೊತ್ತಿಗೆ ಬರಲಿಲ್ಲ. ಯಾಕೆಂದರೆ ಯಲ್ಲವ್ವ ದಿನಾ ಬರುತ್ತಿದ್ದುದು ಆ ಎಮ್ಮೆಯ ಸಂದಿಯಿಂದಲೇ. ಈಗ ಅವಳು ದೊಡ್ಡ ರಸ್ತೆ ಹಿಡಿದು, ಓಣಿಯ ಆ ತುದಿಯಿಂದ ಮಾರುತ್ತ, ಎಲ್ಲರದೂ ಮುಗಿದ ಮೇಲೆ ನಮ್ಮ ಹಿತ್ತಲಿಗೆ ಮುಟ್ಟಿದಳು. ಬುಟ್ಟಿಯ ತಳದಲ್ಲಿ ನಾಲ್ಕು ಬದನೆಕಾಯಿ. ದರ ಮೊದಲಿಗಿಂತ ಜಾಸ್ತಿ, ಸುತ್ತು ಹಾಕಿ ಬಂದದ್ದರ ಕೂಲಿಯಂತೆ. ನಾನು ರೂಢಿಯಂತೆ "ಬ್ಯಾಡ ಬಿಡು" ಅಂದು ಬಾಗಿಲು ಮುಂದೆ ಮಾಡಿ ಕಿವಿ ಕೊಟ್ಟು ನಿಂತೆ. ದನಿ ಬರಲಿಲ್ಲ. ಇನ್ನಷ್ಟು ನಿಂತೆ. ಬಾಗಿಲು ತೆಗೆದು ನೋಡಿದರೆ ಅವಳು ತಲೆಯ ಮೇಲೆ ಸಿಂಬಿ ಇಟ್ಟು, ಬುಟ್ಟಿ ಹೊತ್ತು ಹೊರಟೇ ಬಿಟ್ಟಿದ್ದಾಳೆ.

ಹಗೂರಕ್ಕೆ ಹೊರಟಿದ್ದಳು. ಆ ನಡಿಗೆ ನನಗೆ ಗೊತ್ತಿಲ್ಲವೇ?

"ಬಾ ಇಲ್ಲೆ, ಯಲ್ಲವ್ವಾ" ಎಂದು ಕೂಗಿದೆ, "ನಿನ್ನ ಮಾತ ಆಗ್ಲಿ!"

ಅವಳು ತಿರುಗಿ ಬಂದು, ನಗು ನುಂಗುತ್ತ ಬುಟ್ಟಿ ಇಳಿಸಿದಳು. ನಾನು ತುಟಿ ಬಿಚ್ಚದೆ ರೊಕ್ಕ ಎಣಿಸತೊಡಗಿದೆ. ಹೊಸ ಬೇಲಿಯ ಆಚೆ, ನೆರಳಿಲ್ಲದ ಗಿಡದ ಪಕ್ಕದ ಖುರ್ಚಿಯಿಂದ ಇವರ ದನಿ ಬಂತು:

"ಅಷ್ಟ ಸಾಕೇನು, ಯಲ್ಲವ್ವಾ?"