ಪಂಕ್ಚರ್ ಅಂಗಡ್ಯಾವನ ಎದಿ ತೂತು

ಮಂದಿಗೆ ಜಡ್ಡು ಬಂದ್ರ ಜಡ್ಡಷ್ಟ ಬರತೈತಿ. ನನಗ ಬಂದ್ರ ಅದರ ಜೋಡಿ ಗೊಂದಲಾನೂ ಬರತೈತಿ, ಅದಕ್ಕ ಗುಳಿಗಿ ಇಲ್ಲ. ಅಣ್ಣಿಗೇರಿ ರಸ್ತಾಕ ನಂದೊಂದು ಪಂಕ್ಚರ್ ಅಂಗಡಿ ಐತ್ರಿ. ಚಾಲೂ ಆಗಿದ್ದು ಅಲ್ಲಿಂದನ.

ವಾಸನಿ

ಒಂದಿನ ಮುಂಜಾನೆ ಯಮನೂರಿನ ಮಾಸ್ತರ ಗಾಡಿ ಟಾಯರ್ ಬಿಚ್ಚಾಕ ಕುಂತಿದ್ದೆ. ಒಮ್ಮಿಂದೊಮ್ಮೆಲೆ ಬಲಗೈ ಜೋಲು ಬಿತ್ತು, ಬಾಯಿ ಸೊಟ್ಟಾತು. "ಕೂಡ್ರಿ ಸರ್" ಅನ್ನಾಕ ಹೋದ್ರ "ಬಬ್ಬ ಬಬ್ಬ" ಅಂತ ಬಂತು.

"ಹೊತ್ತು ಹುಟ್ಟೂದ್ರಾಗ ಏರ್ಸಿಯಲ್ಲೋ!" ಅಂದ ಮಾಸ್ತರು ನನ್ನ ಹೇಣ್ತಿನ ಕರದ್ರು. ಆಕಿ ಓಡಿ ಬಂದು ನನ್ನ ಬಾಯಿ ಮೂಸಿದ್ಲು. ಇನ್ನೊಮ್ಮೆ ಮೂಸಿದ್ಲು. ಇಷ್ಟು ವರ್ಷದ ಸಂಸಾರದಾಗ, ಸೆರೆ ವಾಸನಿ ಬರಲಿಲ್ಲಂತ ಆಕಿ ಹೆದರಿದ್ದು ಅದ ಮೊದಲು.

ಗುಳ್ಳಿ

ಸ್ವಲ್ಪ ಹೊತ್ತಿನ್ಯಾಗ ಕೈ, ಬಾಯಿ ಎಲ್ಲಾ ಸರಿ ಆದ್ವು. ಆದ್ರೂ ಹುಬ್ಬಳ್ಳಿ ದವಾಖಾನಿಗೆ ಒಯ್ದ್ರು.

"ಮಿದುಳಿಗೆ ರಕ್ತದ ಸಣ್ಣ ಹೆಪ್ಪು ಹೋಗಿ ಕರಗೇತಿ" ಅಂದ್ರು ಡಾಕ್ಟರಮ್ಮ. "ಅದು ದಾಟಾಕ ಎದ್ಯಾಗ ತೂತು ಐತೇನೋ ನೋಡೂಣು. ಕೈ ನರದಾಗ ಗುಳ್ಳಿ ನೀರು ಬಿಡ್ತೀವಿ. ಗುಳ್ಳಿ ಎದಿ ಬಲಗಡಿಯಿಂದ ಎಡಗಡಿ ದಾಟಿದ್ರ ತೂತು ಐತಿ ಅಂತ."

"ನಮ್ಮ ಅಂಗಡ್ಯಾಗೂ ಹಿಂಗ ರೀ. ನಾವು ಟ್ಯೂಬ್ ನೀರಿನ ಬುಟ್ಟ್ಯಾಗ ಮುಳಗಸ್ತೀವಿ."

"ನಿಮ್ಮನ್ನ ಮುಳಗ್ಸೂದಿಲ್ಲ. ಉಸಿರು ಹಿಡದು ತಿಣಕ್ರಿ."

ತಿಣಕಿದೆ.

"ಇನ್ನಾ ಜೋರ! ಇನ್ನಾ! ಈಗ ಬಿಡ್ರಿ! ಬಂದ್ವು, ಬಂದ್ವು!"

ಹೊರಗ ಬಾಕಿನ ಮ್ಯಾಲೆ ಸ್ಕ್ಯಾನಿಂಗಿಗೆ ಬಂದ ಬಸರ ಹೆಣ್ಮಕ್ಕಳು ಕುಂತಿದ್ರು. ನಾ ಬೆವರು ಒರಿಸ್ಕೊಂತ ಹೊರಗ ಬಂದೆ. ಒಬ್ಬಾಕಿ ಅಜ್ಜಿ ನನ್ನ ನೋಡಿದ್ಲು, ನನ್ನ ಹಿಂದಿನ ಬಾಗಲಾ ನೋಡಿದ್ಲು.

"ಹಡದಾಕಿ ಎಲ್ಲದಾಳೋ ತಮ್ಮಾ?"

ಪಾಲು

ತೂತು ಖರೇನ ಇತ್ತು. "ಹೊಟ್ಟ್ಯಾಗಿದ್ದಾಗ ಎಲ್ಲಾರಿಗೂ ಇರತೈತಿ, ಹುಟ್ಟಿದ ಮ್ಯಾಲೆ ಮುಚ್ಚತೈತಿ. ನಾಕು ಮಂದ್ಯಾಗ ಒಬ್ಬರಿಗೆ ಮುಚ್ಚೂದಿಲ್ಲ, ಅವ್ರಾಗೂ ಭಾಳ ಮಂದಿಗೆ ಏನೂ ಆಗೂದಿಲ್ಲ" ಅಂದ್ರು ಡಾಕ್ಟರಮ್ಮ.

ಚಾದಂಗಡ್ಯಾಗ ಹೇಳಿದೆ. ದಿನಾ ಕೂಡೋ ದೋಸ್ತರು ನನ್ನ ಹಿಡದು ನಾಕು ಮಂದಿ. ಮೂವರೂ ಎದಿ ಮುಟ್ಟಿ ನೋಡ್ಕೊಂಡು, "ಹಂಗಾರ ನಾವು ಪಾರು!" ಅಂತ ನನಗ ಚಾ ಕುಡಿಸಿದ್ರು. ಅಷ್ಟ್ರಾಗ ಬಾಜು ಓಣಿಯಾವ ಒಬ್ಬ ಬಂದು ಎಲ್ಲಾ ಕೇಳಿ, "ಲೇ, ನಾ ಐದನೇದಾವ. ನಂದ್ಯಾವ ಲೆಕ್ಕ?" ಅಂದ. ಅಂವ ಎದಿ ಹಿಡ್ಕೊಂಡು ಮನಿಗೆ ಹೋದ.

ನಗು

"ಸದ್ಯಕ್ಕ ಗುಳಿಗಿ ನುಂಗ್ರಿ. ಮತ್ತ ಹಂಗಾದ್ರ ತೂತು ಮುಚ್ಚಬೇಕಾಗತೈತಿ" ಅಂದ ಡಾಕ್ಟರಮ್ಮ, ನನ್ನ ಹೇಣ್ತಿಗೂ ಒಂದು ಕೆಲಸ ಹಚ್ಚಿದ್ರು. "ಸಂಶಯ ಬಂದ್ರ ನಗಸ್ರಿ, ಎರಡೂ ಕೈ ಎತ್ತಸ್ರಿ. ಬಾಯಿ ಸೊಟ್ಟಾದ್ರ, ಕೈ ಇಳದ್ರ, ತಡಾ ಮಾಡದ ಕರ್ಕೊಂಡ ಬರ್ರಿ."

ಅವತ್ತಿಂದ ಆಕಿಗೆ ಬರೇ ಸಂಶಯ. ಉಣ್ಣಾಗ ನಗ್ರಿ. ಗಾಳಿ ಹೊಡಿಯೂಮುಂದ ಕೈ ಎತ್ರಿ. ನನಗೂ ರೂಢಿ ಆಗಿಬಿಡ್ತು.

ಕುಬಿಹಾಳದಾಗ ಆಕಿ ಕಾಕಾ ತೀರ್ಕೊಂಡ್ರು. ಹೆಣದ ಮುಂದ ಭಜನಿ ನಡದಿತ್ತು. ನಾ ದುಃಖದ ಮಾರಿ ಮಾಡ್ಕೊಂಡು ಕುಂತಿದ್ದೆ. ಹೆಂಗಸ್ರ ನಡುವಿಂದ ಆಕಿ ಅಳೂದು ಬಿಟ್ಟು ಎದ್ದು ಚೀರಿದ್ಲು: "ಅಯ್ಯ, ಬಾಯಿ ಸೊಟ್ಟಾಗೇತಿ! ನಗ್ರಿ! ಎರಡೂ ಕೈ ಎತ್ರಿ!"

ಹೆಣದ ಮುಂದ ಹಲ್ಲು ಕಿಸಿದು ಎರಡೂ ಕೈ ಎತ್ತಿದೆ. ಭಜನಿಯವರು ಬ್ಯಾರೆ ಊರಿನವ್ರು. ಇಲ್ಲಿ ಪದ್ಧತಿ ಹಿಂಗ ಇರಬೇಕಂತ ತಾಳ ಕೆಳಗಿಟ್ಟು ಅವರೂ ನಕ್ಕು, ಕೈ ಎತ್ತಿದ್ರು.

ಹೇಣ್ತಿ ನನ್ನ ಬಾಯಿ ನೋಡಿದ್ಲು, ಕೈ ನೋಡಿದ್ಲು. "ಸರಿ ಐತಿ, ಇಳಸ್ರಿ" ಅಂದು, ನೆಮ್ಮದಿಯಿಂದ ಕುಂತು, "ನಮ್ಮನ್ನ ಬಿಟ್ಟು ಹೋದ್ಯಲ್ಲೋ ಕಾಕಾ" ಅಂತ ಬಿಟ್ಟಲ್ಲಿಂದ ಹಾಡ್ಯಾಡಿ ಅಳಾಕ ಹತ್ತಿದ್ಲು.