ಬೈಗುಳಕ್ಕೆ ಎಷ್ಟು ಅಂಕ?

ಅಳೆಯುವ ಕೆಲಸ ಸಿಕ್ಕವನಿಗೆ, ತಾನೊಬ್ಬ ಮಾತ್ರ ಯಾರ ಅಳತೆಗೂ ಸಿಗುವವನಲ್ಲ ಎಂಬ ಭ್ರಮೆ ಹುಟ್ಟುತ್ತದೆ. ನನಗಂತೂ ಬಹಳ ಬೇಗ ಹುಟ್ಟಿತು. ಎಂಬತ್ತರ ದಶಕದ ಆರಂಭದಲ್ಲಿ ನಾನು ಬಾಗಲಕೋಟೆಯಲ್ಲಿ ಕುಟುಂಬ ಯೋಜನೆಯ ಲೆಕ್ಕ ಬರೆಯುವ ಗುಮಾಸ್ತನಾಗಿದ್ದೆ. ಅಲ್ಲಿಯವರೆಗೆ ನಾವು ಎಣಿಸುತ್ತಿದ್ದುದು ತಲೆಗಳನ್ನು ಮಾತ್ರ. ಒಂದು ದಿನ ಮೇಲಿನಿಂದ ಹೊಸ ನಮೂನೆ ಬಂತು. ಇನ್ನು ಮುಂದೆ ಸೇವೆಯ ಗುಣಮಟ್ಟವನ್ನೂ ಅಳೆಯಬೇಕಂತೆ. ದವಾಖಾನೆಯಿಂದ ಹೊರಬರುವ ಪ್ರತಿಯೊಬ್ಬರನ್ನೂ ತಪ್ಪದೆ ಕೇಳಬೇಕು: ಕುರ್ಚಿ ಕೊಟ್ಟು ಕೂಡಿಸಿದರಾ? ಬೇಗ ನೋಡಿದರಾ? ಮೃದುವಾಗಿ ಮಾತನಾಡಿದರಾ? ಹೌದಾದರೆ ಸರಿ ಗುರುತು, ಇಲ್ಲವಾದರೆ ತಪ್ಪು ಗುರುತು. ಲೋಕದ ಸೌಜನ್ಯಕ್ಕೆಲ್ಲ ನಾನೇ ತಕ್ಕಡಿ ಎಂಬ ಗತ್ತಿನಲ್ಲಿ ಪೆನ್ಸಿಲ್ ಚೂಪು ಮಾಡಿಕೊಂಡು ಹುನಗುಂದದ ಬಸ್ಸು ಹತ್ತಿದೆ.

ಅಲ್ಲಿಯ ನರ್ಸ್ ಗೌರಕ್ಕ. ಆಕೆ ಮಾತನಾಡಿದರೆ ರಸ್ತೆಯ ಆಚೆಯ ಚಹಾದಂಗಡಿಯವನೂ ತಿರುಗಿ ನೋಡುತ್ತಿದ್ದ. ಮೊದಲು ಹೊರಬಂದ ಹೆಂಗಸು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. “ಮೃದುವಾಗಿ ಮಾತಾಡಿದ್ರೇನವಾ?” ಎಂದೆ.

“ಎಲ್ಲೀದ್ರಿ! ಭಾಳ ಬೈದ್ರು. ಗುಳಿಗಿ ತಪ್ಪಿಸಿದ್ದಕ್ಕ ನನಗ ಬೈದ್ರು, ನುಂಗಬ್ಯಾಡ ಅಂದದ್ದಕ್ಕ ನಮ್ಮತ್ತಿಗೆ ಬೈದ್ರು, ಕಡೀಕ ನಮ್ಮ ಮನಿಯವ್ರನ್ನೂ ಕರಿಸಿ ಬೈದ್ರು. ಇಷ್ಟ ದಿನ ನನ್ನ ಕಡೆ ಮಾತಾಡವ್ರು ಯಾರಿದ್ರು ಹೇಳ್ರಿ?” ಎಂದವಳು ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಣ್ಣೀರಿಗೆ ನಮೂನೆಯಲ್ಲಿ ಅಂಕಣವಿರಲಿಲ್ಲ. ತಪ್ಪು ಗುರುತು ಹಾಕಿದೆ. ಬೇಗ ನೋಡಿದರಾ? ಇಲ್ಲ, ತನಗಿಂತ ಮೊದಲು ಒಳಹೋದವಳಿಗೆ ಒಂದು ತಾಸು ತಿಳಿಸಿ ಹೇಳಿದರಂತೆ. ಮತ್ತೊಂದು ತಪ್ಪು. ಸಂಜೆಯ ಹೊತ್ತಿಗೆ ಹಾಳೆಯ ತುಂಬ ತಪ್ಪುಗಳೇ. ಎರಡು ತಿಂಗಳಲ್ಲಿ ಗೌರಕ್ಕನನ್ನು ಬಾದಾಮಿಗೆ ಎತ್ತಿಹಾಕಿದರು. ಆಕೆಯ ಜಾಗಕ್ಕೆ ಬಂದ ಹುಡುಗಿ “ದಯವಿಟ್ಟು ಕುಳಿತುಕೊಳ್ಳಿ” ಎನ್ನುತ್ತಿದ್ದಳು. ಇಷ್ಟು ಮರ್ಯಾದೆ ಕೊಡಬೇಕಾದರೆ ರೋಗ ದೊಡ್ಡದೇ ಇರಬೇಕೆಂದು ಹೆದರಿ ಅರ್ಧ ಜನ ಎದ್ದು ಹೋಗುತ್ತಿದ್ದರು. ಉಳಿದ ನಾಲ್ವರ ಹಾಳೆಯಲ್ಲಿ ಎಲ್ಲವೂ ಸರಿ ಗುರುತು. ಸಾಹೇಬರು ನನ್ನ ಬೆನ್ನು ತಟ್ಟಿದರು.

ಈ ಪರಾಕ್ರಮವನ್ನು ಮನೆಯಲ್ಲಿ ಹೇಳಿಕೊಂಡದ್ದು ನನ್ನ ದಡ್ಡತನ. ನನ್ನ ಹೆಂಡತಿ ಶಾರದೆಯ ತವರು ಹುನಗುಂದದ ಮಗ್ಗುಲಿನ ಇಳಕಲ್ಲು. ನಮ್ಮ ಮೂರೂ ಹೆಣ್ಣುಮಕ್ಕಳ ಹೆರಿಗೆ ಮಾಡಿಸಿದವಳು ಗೌರಕ್ಕ. “ಅಕ್ಕಾರು ಬೈದದ್ದು ಬರಕೊಂಡ್ರಿ. ಯಾಕ ಬೈದ್ರು ಅನ್ನೂದು ಬರಕೊಳ್ಳಲಿಲ್ಲೇನು?” ಎಂದಳು. ಆಮೇಲೆ, ಎರಡು ವರ್ಷದಿಂದ ಹೇಳುತ್ತಿದ್ದ ಮಾತನ್ನೇ ಮತ್ತೆ ಹೇಳಿದಳು: “ಮೂರು ಸಾಕ್ರಿ. ಇನ್ನ ನನ್ನ ಕೈಲೆ ಆಗೂದಿಲ್ಲ.” ಊರಿಗೆಲ್ಲ ಚಿಕ್ಕ ಸಂಸಾರದ ಪಾಠ ಹೇಳುತ್ತಿದ್ದ ನನಗೆ ಒಳಗೊಳಗೇ ಒಂದು ಗಂಡುಮಗುವಿನ ಆಸೆ. “ನೋಡೂಣು” ಎಂದು ಮಗ್ಗುಲು ಬದಲಿಸಿದೆ.

ಮುಂದಿನ ಸುತ್ತಿನಲ್ಲಿ ಬಾದಾಮಿಯ ಸರದಿ. ದವಾಖಾನೆಯ ಕಟ್ಟೆಯ ಮೇಲೆ ಕೂಡಲೂ ಜಾಗವಿರಲಿಲ್ಲ. ಹುನಗುಂದ, ಇಳಕಲ್ಲಿನಿಂದ ಹೆಂಗಸರು ಬಸ್ಸು ಬದಲಿಸಿ ಬಂದಿದ್ದರು. “ಇಷ್ಟು ದೂರ ಯಾಕ ಬಂದ್ರಿ?” ಎಂದರೆ ಒಬ್ಬ ಅಜ್ಜಿ, “ಅಲ್ಲಿ ಬೈಯವ್ರು ಯಾರೂ ಇಲ್ಲೋ ಯಪ್ಪಾ” ಎಂದಳು. ಅದನ್ನು ಎಲ್ಲಿ ಬರೆಯಲಿ ಎಂದು ಹಾಳೆ ತಿರುವುತ್ತಿದ್ದಾಗ ಎದುರಿಗೆ ಶಾರದೆ ನಿಂತಿದ್ದಳು. ಬೆಳಿಗ್ಗೆ ಬಾದಾಮಿ ಹತ್ತಿರದ ಬನಶಂಕರಿ ಗುಡಿಗೆ ಹೋಗಿ ಬರುತ್ತೇನೆ ಎಂದು ಹೇಳಿದವಳು!

ಹತ್ತು ಜನ ನೋಡುತ್ತಿದ್ದರು. ಯಾರನ್ನೂ ಬಿಡುವಂತಿಲ್ಲ ಎಂಬುದು ನಿಯಮ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಮೊದಲ ಸಲ ಹೆಂಡತಿಗೆ ಬಹುವಚನ ಹಚ್ಚಿದೆ. “ಎಲ್ಲಿಂದ ಬಂದೀರಿ?”

“ನಿಮ್ಮ ಮನಿಯಿಂದ.”

“ನೀವು ಹೇಳಿದ್ದನ್ನು ಕೇಳಿಸಿಕೊಂಡರೇನು?”

“ಇಲ್ಲಿ ಕೇಳಿಸಿಕೊಂಡ್ರು” ಎಂದಳು. ಆ ‘ಇಲ್ಲಿ’ಯ ಮೇಲೆ ಆಕೆ ಹಾಕಿದ ಭಾರ ನನಗೆ ಸರಿಯಾಗಿ ತಾಕಿತು. ಅಷ್ಟರಲ್ಲಿ ಒಳಗಿನಿಂದ ಗುಡುಗಿತು: “ಶಾರದಾ, ಹೊರಗ ಕುಂತಾಂವಾ ನಿನ್ನ ಗಂಡನಲ್ಲೇನ? ಕಳಸು ಅವನ್ನ ಒಳಗ!”

ಹೋದೆ. “ಏನೋ ತಮ್ಮಾ, ಊರ ಮಂದಿ ಕಿವಿ ಅಳಿಯಾಕ ಬಂದೀ, ನಿನಗ ಕಿವಿ ಅದಾವೋ ಇಲ್ಲೋ? ಮೂರು ಹಡದಾಕಿ ಸಾಕಂತಾಳ. ಆಕೀ ಮೈಯಾಗ ರಕ್ತ ಇಲ್ಲ, ಕಣ್ಣು ಬಿಳಚಿಕೊಂಡಾವ. ಒಂದ ದಿನರ ನೋಡೀಯೇನ?” ನೋಡಿರಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆಮೇಲೆ ಆಕೆ ದನಿ ಇಳಿಸಿ, ಗಂಡಸರ ಆಪರೇಷನ್ ಎಷ್ಟು ಸಣ್ಣದೆಂದು ಅರ್ಧ ತಾಸು ತಿಳಿಸಿ ಹೇಳಿದಳು. ವರ್ಷಗಟ್ಟಲೆ ಪರರ ಹೆಸರು ತುಂಬಿದ ಆಪರೇಷನ್ ಯಾದಿಯಲ್ಲಿ ನನ್ನ ಹೆಸರನ್ನು ನಾನೇ ಬರೆದೆ.

ಹೊರಬಂದರೆ ನನ್ನ ಹಾಳೆ, ಪೆನ್ಸಿಲ್ ಎರಡೂ ಶಾರದೆಯ ಕೈಯಲ್ಲಿ. “ಮೃದುವಾಗಿ ಮಾತಾಡಿದ್ರೇನ್ರಿ?”

“ಇಲ್ಲ” ಎಂದೆ. ಆಕೆ ತಪ್ಪು ಗುರುತು ಹಾಕಹೊರಟಾಗ ಕೈ ಹಿಡಿದು ತಡೆದೆ.

“ಹುನಗುಂದದಾಗ ಈ ಕೈ ಎಲ್ಲಿತ್ತು? ಅಕ್ಕಾರನ್ನ ತಿರುಗಿ ಅಲ್ಲಿಗೆ ಕಳಸ್ರಿ ಅಂತ ಸಾಹೇಬ್ರಿಗೆ ಬರೀತೀರಿಲ್ಲೊ?”

ನೋಡೂಣು ಎನ್ನಲು ಬಾಯಿ ತೆರೆದೆ. ಒಳಗೆ ಗೌರಕ್ಕ ಕೆಮ್ಮಿದಳು.

“ಇವತ್ತ ಬರೀತೇನಿ” ಎಂದೆ.