ಕಣ್ಣೀರಿನ ಉಪ್ಪಿನಿಂದ ಚಿಪ್‌ಗಳನ್ನು ರಕ್ಷಿಸುವ ಕುರಿತು

ಪ್ರಾದೇಶಿಕ ಸಮೃದ್ಧಿ ಇಲಾಖೆ, ಕತಾನಿಯಾ
ಸಂಖ್ಯೆ: ಪ್ರಸಇ/ಚಿಪ್/ಶೋಕ/7

ವಿಷಯ: ಅಂತ್ಯಕ್ರಿಯೆಯ ನಂತರದ ಮೊದಲ ಮಾಮೂಲು ಬೆಳಗ್ಗೆ ಪಾಲಿಸಬೇಕಾದ ನಡವಳಿಕೆ.

ಉಲ್ಲೇಖ: ಕಂಪ್ಯೂಟರ್ ಚಿಪ್ ಕಾರ್ಖಾನೆಯ ತಂತ್ರಜ್ಞ ಒರಾಜಿಯೊ ಕುತೂಲಿ ಅವರ ನಿಧನ (ಪಾಳಿಯ ಮಧ್ಯೆ, ಹೃದಯ ನಿಂತಿದೆ, ಯಂತ್ರ ನಿಂತಿಲ್ಲ).

ಎಟ್ನಾ ಜ್ವಾಲಾಮುಖಿಯ ತಪ್ಪಲಿನಲ್ಲಿ ಚಿಪ್ ಉದ್ಯಮ ಬೆಳೆದು ಸರ್ವರೂ ಸುಖಿಗಳಾಗಿದ್ದಾರೆಂದು ಇಲಾಖೆಯು ಈಗಾಗಲೇ ಪ್ರಕಟಿಸಿದೆ. ಸದರಿ ಸುಖಕ್ಕೆ ಧಕ್ಕೆಯಾಗದಂತೆ ಕೆಳಕಂಡ ನಿಯಮಗಳನ್ನು ಪಾಲಿಸಲು ಈ ಮೂಲಕ ಸೂಚಿಸಲಾಗಿದೆ. ಸುತ್ತೋಲೆಯ ಕರಡನ್ನು ಇಲಾಖೆಯ ಗುಮಾಸ್ತೆಯಾದ ಮೃತರ ಪತ್ನಿಯೇ ಬರೆಯತಕ್ಕದ್ದು. ಆಕೆಯ ರಜೆ ಮುಗಿದಿದೆ.

1. ಕಣ್ಣೀರಿನಲ್ಲಿ ಉಪ್ಪಿದೆ. ಉಪ್ಪು ತಗುಲಿದ ಚಿಪ್ ಕೆಡುತ್ತದೆ. ಆದ್ದರಿಂದ ಕಾರ್ಖಾನೆಯ ಒಳಗೂ, ಗಾಳಿ ಅತ್ತ ಬೀಸುವಾಗ ಊರಿನಲ್ಲೂ ಅಳುವುದನ್ನು ನಿಷೇಧಿಸಲಾಗಿದೆ. ವಿಧವೆಯರಿಗೆ ವಿನಾಯಿತಿ ಇಲ್ಲ.

2. ಮೃತರ ಜಾಗಕ್ಕೆ ಮರುದಿನವೇ ಬೇರೊಬ್ಬರು ಬಂದಿರುವುದನ್ನು ಹೊಸ ಉದ್ಯೋಗ ಸೃಷ್ಟಿ ಎಂದು ಪರಿಗಣಿಸಲಾಗಿದೆ. ಶವಪೆಟ್ಟಿಗೆ, ಹೂವು, ಗೋಡೆಗಳಿಗೆ ಅಂಟಿಸಿದ ಸಾವಿನ ಪ್ರಕಟಣೆ, ಬಂದವರು ಕುಡಿದ ಕಾಫಿ, ಇವೆಲ್ಲ ಉದ್ಯಮದ ಪರೋಕ್ಷ ಕೊಡುಗೆ. ನಿಧನಗಳು ಹೀಗೆಯೇ ಮುಂದುವರಿದಲ್ಲಿ ನಾವು ಮಿಲಾನ್ ನಗರವನ್ನು ಹಿಂದಿಕ್ಕಲಿದ್ದೇವೆ.

3. ಧೂಳುರಹಿತ ಕೊಠಡಿಯ ಬಿಳಿ ಉಡುಪಿನಲ್ಲಿ ಕಣ್ಣು ಮಾತ್ರ ಕಾಣುವುದರಿಂದ ಒರಾಜಿಯೊ ಅವರನ್ನು ನಡಿಗೆಯಿಂದಲೇ ಗುರುತಿಸಲಾಗುತ್ತಿತ್ತು. ಹೊಸಬರು ಅದೇ ನಡಿಗೆಯನ್ನು ಕಲಿಯತಕ್ಕದ್ದು. ಆಗ ಯಾರೂ ಸತ್ತಂತಾಗುವುದಿಲ್ಲ.

4. ಸಾವಿನ ಮನೆಯಲ್ಲಿ ಒಲೆ ಹಚ್ಚದೆ, ನೆರೆಯವರೇ ಊಟ ತರುವುದು ರೂಢಿ. ಇನ್ನು ಮುಂದೆ ಆ ಊಟಕ್ಕೆ ಉಪ್ಪು ಹಾಕುವಂತಿಲ್ಲ. ಉಂಡ ಉಪ್ಪು ಕಣ್ಣಿಗೇರುವ ಸಂಭವವಿದೆ. ಪಕ್ಕದ ಮನೆಯ ವೆನೆರಾ ಚಿಕ್ಕಮ್ಮ, "ಉಪ್ಪಿಲ್ಲದ ಪಾಸ್ತಾನ ನಿಮ್ಮ ಡೈರೆಕ್ಟರಿಗೆ ತಿನ್ಸು, ಅವ್ನೂ ಅಳ್ತಾನೆ! ನೀನು ಬಾಯ್ ಮುಚ್ಕೊಂಡ್ ತಿನ್ನು ಮಗಳೇ" ಎಂದು ಆಕ್ಷೇಪಿಸಿದ್ದಾರೆ. ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ. ಪಾಸ್ತಾವನ್ನು ತಿನ್ನಲಾಗಿದೆ.

5. ಮೃತರು ಕೊನೆಯ ದಿನ ಸದರಿ ಚಿಕ್ಕಮ್ಮನಿಂದ ಒಂದು ಬಟ್ಟಲು ಉಪ್ಪು ಕಡ ತಂದಿದ್ದರು. ಇಂದು ಬೆಳಗ್ಗೆ ಕಚೇರಿಗೆ ಬರುವ ಮುನ್ನ ಬಟ್ಟಲು ತುಂಬಿ ಹಿಂದಿರುಗಿಸಲಾಯಿತು. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದಾದ್ದರಿಂದ ಮೇಜಿನ ಮೇಲಿಡಲಾಯಿತು. "ಉಪ್ಪಿಗೂ ಲೆಕ್ಕ ಇಟ್ಕೋತಾರೇನೇ ಹುಚ್ಚಿ?" ಎಂದು ಚಿಕ್ಕಮ್ಮ ಗುಮಾಸ್ತೆಯ ಖಾಲಿಯಾದ ಕೈಗಳನ್ನು ಹಿಡಿದುಕೊಂಡರು. ನಿಯಮ 1 ಉಲ್ಲಂಘನೆಯಾಗಿದೆ. ಆಗ ಗಾಳಿ ಕಾರ್ಖಾನೆಯ ಕಡೆಗೇ ಬೀಸುತ್ತಿತ್ತು.

ಸಹಿ/-
ಅಗ್ರಿಪ್ಪೀನಾ
ಗುಮಾಸ್ತೆ, ನಿರ್ದೇಶಕರ ಪರವಾಗಿ

ಪ್ರತಿಗಳು:
ಕಾರ್ಖಾನೆಯ ವ್ಯವಸ್ಥಾಪಕರಿಗೆ: ಕೆಟ್ಟ ಚಿಪ್‌ಗಳನ್ನು ಗುರುತಿಸಲು.
ಹೊಸ ತಂತ್ರಜ್ಞರಿಗೆ: ನಡಿಗೆಯ ಅಭ್ಯಾಸಕ್ಕಾಗಿ.
ಒರಾಜಿಯೊ ಕುತೂಲಿ ಅವರಿಗೆ: ಉಪ್ಪು ತಲುಪಿದೆ ಎಂಬ ಮಾಹಿತಿಗಾಗಿ.